ಬಲಕ್ಕೆ ಮಾತ್ರ ತಿರುಗುತ್ತಿದ್ದ ಕಾರು

ಅರಸೀಕೆರೆಯ ಟೈರ್ ಅಂಗಡಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದು ಟೈಪಿಂಗ್ ಬರುತ್ತದೆ ಎಂಬ ಕಾರಣಕ್ಕೆ. ಅಂಗಡಿಯಲ್ಲಿ ಟೈಪ್‌ರೈಟರ್ ಇರಲಿಲ್ಲ. ಮುಂದೆಯೂ ಬರಲಿಲ್ಲ. ಕೊನೆಗೆ ಅದರ ಬದಲು ಕಂಪ್ಯೂಟರೇ ಬಂತು.

ಮಾಲೀಕರು ರುದ್ರಪ್ಪನವರು. ಊರೆಲ್ಲ ಸಾಹುಕಾರ್ರು ಎಂದು ಕರೆಯುತ್ತಿತ್ತು. ತಂದೆಯ ಕಾಲದಿಂದ ಕೊಬ್ಬರಿ ಮಂಡಿ ನಡೆಸಿಕೊಂಡು ಬಂದವರು, ತಮ್ಮನ ಜೊತೆ ಮುನಿಸಿಕೊಂಡು ಮಂಡಿ ಬಿಟ್ಟು, ಎದುರು ಸಾಲಿನಲ್ಲಿ ಟೈರ್ ಅಂಗಡಿ ತೆರೆದಿದ್ದರು. ನಾನು ಕೆಲಸ ಕೇಳಲು ಹೋದ ದಿನ ಅವರು ಹೆಚ್ಚೇನೂ ವಿಚಾರಿಸಲಿಲ್ಲ.

"ಟೈಪಿಂಗು ಪಾಸಾಗಿದೀರಂತೆ?"

"ಹೌದು ಸಾರ್. ಕನ್ನಡ, ಇಂಗ್ಲಿಷು ಎರಡೂ."

"ಹಂಗಾದ್ರೆ ಇದನ್ನ ಓದಿ ನೋಡನ" ಎಂದು ಒಂದು ಟೈರನ್ನು ನನ್ನ ಕಡೆಗೆ ಉರುಳಿಸಿದರು. ಅದರ ಪಕ್ಕೆಯ ಮೇಲಿದ್ದ ಅಂಕಿಗಳನ್ನು ಓದಿ ಹೇಳಿದೆ.

"ಸಾಕು ಬಿಡಿ. ಕರೀ ಮೇಲೆ ಕರೀ ಅಕ್ಷರ ಬರೀತಾರೆ, ನನ್ ಕಣ್ಣಿಗೆ ಕಾಣಕಿಲ್ಲ. ನಾಳೆಯಿಂದ ಬನ್ನಿ."

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಯಜಮಾನರು ರೈಲ್ವೆಯಲ್ಲಿದ್ದರು. ಅವರು ಮನೆಯಲ್ಲಿರುವುದಕ್ಕಿಂತ ಪ್ಲಾಟ್‌ಫಾರಂ ಮೇಲೆ ಇರುವುದೇ ಹೆಚ್ಚಾದ್ದರಿಂದ ನಾನು ಎಲ್ಲಿಗೆ ಹೋಗಿ ಬಂದರೂ ಅಡ್ಡಿಯಿರಲಿಲ್ಲ. ಆದರೆ ಟೈರ್ ಅಂಗಡಿಯ ಕೌಂಟರಿನಲ್ಲಿ ಹೆಂಗಸು ಕೂತಿರುವುದನ್ನು ನೋಡಿದ ಗಿರಾಕಿಗಳು ಮೊದಮೊದಲು ಬಾಗಿಲಿಗೆ ಬಂದು, ಬೋರ್ಡ್ ಇನ್ನೊಮ್ಮೆ ಓದಿ, ಒಳಗೆ ಬರುತ್ತಿದ್ದರು.

ಈಗ ಈ ಕಸುಬಿಗೆ ಬರುವ ಹುಡುಗ ಹುಡುಗಿಯರಿಗೆ ಕಂಪನಿಯವರೇ ಮೂರು ದಿನ ಏಸಿ ಕೋಣೆಯಲ್ಲಿ ಕೂರಿಸಿ ಪಾಠ ಮಾಡುತ್ತಾರಂತೆ. ನನಗೆ ಪಾಠ ಮಾಡಿದ್ದು ತಪ್ಪುಗಳು. ಆಗ ಎಲ್ಲೆಲ್ಲೂ ಓಡಾಡತೊಡಗಿದ್ದ ಚಿಕ್ಕ ಕಾರಿನ ಟೈರಿನ ಮೇಲೆ ನೂರಾ ನಲವತ್ತೈದು, ಎಪ್ಪತ್ತು, ಹನ್ನೆರಡು ಎಂದು ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಬೆಂಗಳೂರಿನ ಡಿಪೋಗೆ ಫೋನ್ ಮಾಡಿ, ಟೈರಿನ ಮೇಲೆ ಬರೆದಿದ್ದಂತೆಯೇ "ನೂರಾ ನಲವತ್ತೈದು, ಎಪ್ಪತ್ತು, ಹನ್ನೆರಡು" ಎಂದು ಓದಿದೆ. ಕಳಿಸಬೇಕಾಗಿದ್ದು ಎರಡು ಟೈರು. ಲಾರಿಯಲ್ಲಿ ಬಂದಿಳಿದದ್ದು ಹನ್ನೆರಡು. ರುದ್ರಪ್ಪನವರು ಬಯ್ಯುತ್ತಾರೆಂದು ಕಾದು ಕೂತೆ. ಅವರು ಟೈರುಗಳನ್ನು ಬೀದಿಗೆ ಕಾಣುವಂತೆ ಗೋಪುರದ ಹಾಗೆ ಜೋಡಿಸಿ, "ಮಾಲು ಹೆಚ್ಚಿದ್ರೆ ಗಿರಾಕಿಗೆ ನಂಬಿಕೆ ಬತ್ತದೆ" ಎಂದರು. ಅಂದಿನಿಂದ ನಾನು ಹನ್ನೆರಡು ಎಂದ ಕೂಡಲೇ ಇಂಚು ಎನ್ನುವುದನ್ನು ಮರೆಯಲಿಲ್ಲ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ಆ ಅಗಲಕ್ಕೆ ನೂರಕ್ಕೆ ಎಷ್ಟು ಪಾಲು ಅದರ ಪಕ್ಕೆ ಎತ್ತರವಿದೆ ಎಂಬುದು. ಕೊನೆಯದು ಒಳಗೆ ಕೂರುವ ಕಬ್ಬಿಣದ ಡಿಸ್ಕಿನ ಅಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ನೂರರ ಪಾಲು, ಇಂಚು ಮೂರನ್ನೂ ಕಲಸಿಟ್ಟ ಪುಣ್ಯಾತ್ಮ ಯಾರೋ, ನಿವೃತ್ತಳಾಗುವವರೆಗೂ ಅವನಿಗೆ ಬೈದಿದ್ದೇನೆ.

ರುದ್ರಪ್ಪನವರು ಇದಾವುದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ. ಕೊಬ್ಬರಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದವರು ಅವರು. ಟೈರನ್ನೂ ಹಾಗೆಯೇ ಎತ್ತಿ ತೂಕ ನೋಡಿ, ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ, "ಗಟ್ಟಿ ಮಾಲು" ಎಂದು ಗಿರಾಕಿಗೆ ಕೊಡುತ್ತಿದ್ದರು. ಟೈರು ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ಅವರ ಸಿದ್ಧಾಂತ. ತೆಂಗಿನಕಾಯಿಯಲ್ಲಿ ಅದು ನಿಜವೇ.

ಗಿರಾಕಿಗಳೂ ಅವರ ಹಾಗೆಯೇ ಇದ್ದರು. ನನ್ನ ಅನುಭವದಲ್ಲಿ ಕಾರಿನ ಟೈರನ್ನು ಕಾರಿನ ಮಾಲೀಕ ಆರಿಸುವುದು ಅಪರೂಪ. ಅವನ ಭಾವಮೈದುನ ಆರಿಸುತ್ತಾನೆ. ಭಾವಮೈದುನನಿಗೆ ಕಾರು ಇರುವುದಿಲ್ಲ. ಅರೇಹಳ್ಳಿ ಕಡೆಯ ಕಾಫಿ ತೋಟದವರೊಬ್ಬರು ಹೀಗೆ ಭಾವಮೈದುನನ ಮಾತು ಕೇಳಿ, ತಮ್ಮ ಪುಟ್ಟ ಕಾರಿಗೆ ಅಗಲವಾದ ಚಪ್ಪಟೆ ಟೈರು ಹಾಕಿಸಿಕೊಂಡು ಹೋದರು. ನೋಡಲು ಚೆನ್ನಾಗಿಯೇ ಇತ್ತು. ತಿಂಗಳಾದ ಮೇಲೆ ಬಲದ ಭುಜ ಹಿಡಿದುಕೊಂಡು ಬಂದರು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ತೋಳು ಮೇಲೆತ್ತಲು ಬರುತ್ತಿರಲಿಲ್ಲ. ಡಾಕ್ಟರರ ಬಳಿ ಹೋಗುವ ಮೊದಲು ನಮ್ಮ ಬಳಿ ಬಂದರಲ್ಲ, ಆ ಬುದ್ಧಿಗೆ ಮೆಚ್ಚಬೇಕು.

ಆದರೆ ನನ್ನ ಕೆಲಸದ ರೀತಿ ಬದಲಾದದ್ದು ಇನ್ನೊಂದು ಕಾರಿನಿಂದ. ಅದು ಮಾದಿಹಳ್ಳಿಯ ಈರಣ್ಣನವರದು.

ಈರಣ್ಣನವರು ಗದ್ದೆ, ತೆಂಗಿನ ತೋಟ, ಹಸು ಎಲ್ಲ ಇದ್ದ ಅನುಕೂಲಸ್ಥರು. ಆಳೂ ದೊಡ್ಡದು, ದನಿಯೂ ದೊಡ್ಡದು. ಆ ವರ್ಷ ತಾಲ್ಲೂಕು ಪಂಚಾಯಿತಿ ಚುನಾವಣೆ ಬಂದಿತ್ತು. ಅವರ ಕ್ಷೇತ್ರ ಹೆಂಗಸರಿಗೆ ಮೀಸಲಾಗಿದ್ದರಿಂದ ಹೆಂಡತಿ ಕಮಲಮ್ಮನವರನ್ನು ನಿಲ್ಲಿಸಲು ತೀರ್ಮಾನಿಸಿದ್ದರು. ಪ್ರಚಾರಕ್ಕೆಂದು ಅರಸೀಕೆರೆಯ ಪರಿಚಯದವರಿಂದ ಹಳೆಯ ಚಿಕ್ಕ ಕಾರೊಂದನ್ನು ಕೊಂಡು, ಒಂದು ಬೆಳಗ್ಗೆ ಸೀದಾ ನಮ್ಮ ಅಂಗಡಿಗೆ ತಂದರು. ಅಂದೇ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ನಾಮಪತ್ರ ಕೊಡುವ ಕಡೆಯ ದಿನ. ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಹಾಕುತ್ತಾರೆ. ಕಡೆಯ ದಿನವೇ ಯಾಕೆಂದರೆ, ಜೋಯಿಸರು ಅದೇ ಒಳ್ಳೆಯ ದಿನ ಎಂದಿದ್ದರಂತೆ.

"ಎದುರು ಪಾರ್ಟಿಯೋನು ಜೀಪಲ್ಲಿ ಬತ್ತಾನೆ ಸಾಹುಕಾರ್ರೆ" ಎಂದರು ಈರಣ್ಣ. "ಅದರ ಪಕ್ಕ ಈ ಕಾರು ನಿಂತ್ರೆ ಆಡಿನ ಮರಿ ಮಲಗ್ದಂಗೆ ಕಾಣ್ತೈತೆ. ನಮ್ಮೂರ ದಾರೀಲಿ ಹೊಟ್ಟೆ ಬೇರೆ ನೆಲಕ್ಕೆ ಉಜ್ತೈತೆ. ಎತ್ತರ ಮಾಡ್ಕೊಡಿ."

"ಅದಕ್ಕೇನಂತೆ" ಎಂದು ರುದ್ರಪ್ಪನವರು ಗೋಡೌನಿನಿಂದ ಯಾವುದೋ ದೊಡ್ಡ ಕಾರಿನ ಹದಿಮೂರು ಇಂಚಿನ ನಾಲ್ಕು ಡಿಸ್ಕು, ಅದಕ್ಕೆ ದಪ್ಪ ಪಕ್ಕೆಯ ಟೈರು ತರಿಸಿದರು. ಬೋಲ್ಟಿನ ತೂತುಗಳು ನಮ್ಮ ದುರದೃಷ್ಟಕ್ಕೆ ಸರಿಯಾಗಿ ಕೂತವು.

ನನ್ನ ಕೈಚೀಲದಲ್ಲಿ ರವಿಕೆ ಅಳತೆಯ ಟೇಪು ಇತ್ತು. ಎರಡೂ ಟೈರುಗಳ ಸುತ್ತಳತೆ ತೆಗೆದೆ. ಹಳೆಯ ಟೈರನ್ನು ಸುತ್ತಿದಾಗ ಟೇಪು ಮುಗಿದು ನಾಲ್ಕು ಬೆರಳು ಬಾಕಿ ಉಳಿಯಿತು. ಹೊಸದಕ್ಕೆ ಗೇಣಿಗಿಂತ ಜಾಸ್ತಿ ಬಾಕಿ.

"ಅಣ್ಣಾರೆ, ಇದು ತುಂಬ ದೊಡ್ಡದಾಯ್ತು" ಎಂದೆ. "ಸುತ್ತಳತೆ ಇಷ್ಟು ಬದಲಾದ್ರೆ ಮಡ್‌ಗಾರ್ಡಿಗೆ ತಾಗುತ್ತೆ, ಇಂಜಿನ್ನಿಗೆ ಎಳೆಯೋಕೆ ಕಷ್ಟ ಆಗುತ್ತೆ, ಮೀಟರು ನಲವತ್ತು ಅಂತ ತೋರಿಸುವಾಗ ಕಾರು ಅದಕ್ಕಿಂತ ಜೋರಾಗಿ ಹೋಗ್ತಿರುತ್ತೆ."

ಈರಣ್ಣನವರು ನನ್ನ ತಲೆಯ ಮೇಲಿನಿಂದ ರುದ್ರಪ್ಪನವರನ್ನು ನೋಡಿದರು. "ಯಾರಿವರು?"

"ನಮ್ ಲಲಿತಮ್ಮೋರು. ಲೆಕ್ಕಕ್ಕವ್ರೆ."

"ಲೆಕ್ಕದೋರು ಲೆಕ್ಕ ನೋಡ್ಕಳ್ಲಿ ಬುಡಿ."

ಫಿಟ್ಟರ್ ಪುಟ್ಟರಾಜು ಚಕ್ರಗಳನ್ನು ಹಾಕಿದ. ಐವತ್ತು ದಾಟಿದ ಮನುಷ್ಯ. ರುದ್ರಪ್ಪನವರು ಹೇಳಿದರೆ ಕಾರಿಗೆ ಎತ್ತಿನ ಗಾಡಿಯ ಚಕ್ರವನ್ನೂ ಹಾಕುತ್ತಿದ್ದ. ಜಾಕಿಯ ಮೇಲೆ ಕಾರು ಇದ್ದಾಗಲೇ ಒಂದೊಂದು ಚಕ್ರವನ್ನೂ ಕೈಯಿಂದ ಸುತ್ತಿಸಿ, "ಎಲ್ಲೂ ತಾಗಕಿಲ್ಲ ಕಣ್ರಕ್ಕ" ಎಂದ. ಹೊಸಬರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಜಾಕಿಯ ಮೇಲಿರುವ ಕಾರಿನಲ್ಲಿ ಎಂಥ ಚಕ್ರವೂ ತಾಗುವುದಿಲ್ಲ. ಕೆಳಗಿಳಿಸಿ, ಒಳಗೆ ಜನ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಬೇಕು. ಅಂದು ಯಾರೂ ನೋಡಲಿಲ್ಲ. ಯಾವ ಕಾಲದಲ್ಲೋ ಎಲ್ಲೋ ಗುದ್ದಿ, ಆ ಕಾರಿನ ಎಡಗಡೆಯ ಮಡ್‌ಗಾರ್ಡು ಮುಂಭಾಗದಲ್ಲಿ ಒಳಕ್ಕೆ ಬಗ್ಗಿತ್ತು ಎಂಬುದನ್ನೂ ಯಾರೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರು ಎತ್ತರವಾಗಿ ನಿಂತಿತು. ಈರಣ್ಣ ಸುತ್ತ ಒಂದು ಸುತ್ತು ಬಂದು ಹಿಗ್ಗಿದರು. ಆದರೂ ನನ್ನ ಮುಖ ನೋಡಿ ಮನಸ್ಸಿನ ಮೂಲೆಯಲ್ಲಿ ಅನುಮಾನ ಹೊಕ್ಕಿರಬೇಕು. "ದಾರೀಲಿ ಏನೂ ಆಗಕಿಲ್ವಲ್ಲ ಸಾಹುಕಾರ್ರೆ? ಇವತ್ತು ಮೂರು ಗಂಟೆ ತಪ್ಪಿದ್ರೆ ಮಾನ ಹೋಯ್ತದೆ" ಎಂದರು.

"ಏನೂ ಆಗಕಿಲ್ಲ. ಬೇಕಾದ್ರೆ ನಮ್ ಲಲಿತಮ್ಮೋರನ್ನೇ ಜತೇಲಿ ಕಳಿಸ್ತೀನಿ. ಧೈರ್ಯ ಇಲ್ದಿದ್ರೆ ಮನೆ ಹೆಣ್ಮಗಳನ್ನ ಕೂರಿಸ್ತೀವಾ?"

ದೀಪಾವಳಿಗೆ ಸಿಹಿ ಹಂಚುವಾಗ ನೆನಪಿಗೆ ಬಾರದ ಮನೆ ಹೆಣ್ಣುಮಗಳು ಈಗ ದಿಢೀರನೆ ನೆನಪಾದಳು. ಬರುವುದಿಲ್ಲ ಎನ್ನಬಹುದಿತ್ತು. ಆದರೆ ರಬ್ಬರಿನ ವಾಸನೆಯಿಂದ ಒಂದು ದಿನ ತಪ್ಪಿಸಿಕೊಳ್ಳುವ ಆಸೆ, ತಾಗುತ್ತದೆಯೋ ಇಲ್ಲವೋ ನೋಡಿಯೇ ಬಿಡೋಣ ಎಂಬ ಹಟ ಎರಡೂ ಸೇರಿ ಹಿಂದಿನ ಸೀಟಿನಲ್ಲಿ ಕೂತೆ.

ಜಾವಗಲ್ ದಾಟುವವರೆಗೆ ಏನೂ ಆಗಲಿಲ್ಲ. ಏರಿನಲ್ಲಿ ಮಾತ್ರ ಕಾರು ಏದುಸಿರು ಬಿಡುತ್ತಿತ್ತು; ಸೈಕಲ್ಲಿನವನೊಬ್ಬ ಸ್ವಲ್ಪ ದೂರ ನಮ್ಮ ಪಕ್ಕದಲ್ಲೇ ಬಂದು, ಒಳಗೆ ಇಣುಕಿ ನೋಡಿ, ಮುಂದೆ ಹೋದ. ಈರಣ್ಣನವರು ಅವನನ್ನು ನೋಡದವರಂತೆ ಎದೆ ಸೆಟೆಸಿ ಓಡಿಸುತ್ತಿದ್ದರು. ದೊಡ್ಡ ತಿರುವುಗಳಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಬೇಕಾಗಿಯೇ ಇರಲಿಲ್ಲ. ಮಾದಿಹಳ್ಳಿಗೆ ಬಂದು ಅವರ ಮನೆಯ ಬೀದಿಗೆ ಎಡಕ್ಕೆ ತಿರುಗಿಸಿದಾಗ ಗರ್ರ್ ಎಂದು ಹಲ್ಲು ಕಡಿದಂಥ ಸದ್ದು ಬಂತು. ಚಕ್ರ ಅಲ್ಲಿಗೇ ಕಚ್ಚಿಕೊಂಡಿತು. ಹಿಂದಕ್ಕೆ ತೆಗೆದು ಮತ್ತೆ ತಿರುಗಿಸಿದರು. ಮತ್ತೆ ಗರ್ರ್.

"ಕಲ್ಲು ಸಿಕ್ಕಂಡೈತೆ" ಎಂದರು.

"ಮಡ್‌ಗಾರ್ಡು" ಎಂದೆ ನಾನು.

ಊರಿನ ಆ ಕಡೆಯಿಂದ ಬಳಸಿಕೊಂಡು, ಬಲಕ್ಕೆ ತಿರುಗಿ ಮನೆ ಸೇರಿದೆವು. ಕಮಲಮ್ಮ ರೇಷ್ಮೆ ಸೀರೆ ಉಟ್ಟು, ಕಾಗದಗಳ ಚೀಲ ಹಿಡಿದು ಜಗುಲಿಯ ಮೇಲೆ ನಿಂತಿದ್ದರು. ತೆಳ್ಳನೆಯ ಹೆಂಗಸು, ಗಂಡನ ಭುಜದಷ್ಟು ಎತ್ತರ. ಕಾರನ್ನು ನೋಡಿದವರೇ, "ಇದ್ಯಾಕ್ರೀ ಹಿಂಗೆ ತುದಿಗಾಲಲ್ಲಿ ನಿಂತೈತೆ?" ಎಂದರು. ಆಮೇಲೆ ನನ್ನನ್ನು ನೋಡಿದರು. "ಇವರು?"

"ಟೈರ್ ಅಂಗಡಿಯೋರು. ಗ್ಯಾರಂಟಿ" ಎಂದರು ಈರಣ್ಣ.

"ಗ್ಯಾರಂಟೀನೇ ಕಾರಲ್ಲಿ ಕೂರಿಸ್ಕಂಡು ಬಂದ್ರಾ!" ಎಂದು ನಗುತ್ತ ಅವರು ಹಿಂದೆ ಬಂದು ನನ್ನ ಪಕ್ಕದಲ್ಲೇ ಕೂತರು.

ಬೇಲೂರಿನ ದಾರಿಯುದ್ದಕ್ಕೂ ಮಾತಾಡಿದರು. "ನಿಂತ್ಕತೀಯಾ ಅಂತ ನನ್ನ ಕೇಳಿದ್ರು ಅಂದ್ಕಂಡ್ರಾ? ಹೆಂಗಸರಿಗೆ ಬಂತು ಅಂತ ಗೊತ್ತಾದ ದಿನ ಇವರು ಊರಿಗೆಲ್ಲ ಸಿಹಿ ಹಂಚಿದ್ರು ಕಣ್ರೀ. ಯಾರೋ ನಮ್ ನೆಂಟ್ರಲ್ಲಿ ನಿಂತಿರಬೇಕು ಅಂದ್ಕಂಡು ನಾನೂ ಒಂದು ತಿಂದೆ."

ಮುಂದಿನಿಂದ ಈರಣ್ಣ, "ನೀನು ಸುಮ್ನೆ ಸೈನ್ ಹಾಕು. ಮಿಕ್ಕಿದ್ದು ನಾನ್ ನೋಡ್ಕತೀನಿ" ಎಂದರು.

"ನೋಡ್ಕಳಿ. ಮೊದ್ಲು ರೋಡು ನೋಡ್ಕಳಿ."

ಬೇಲೂರು ಮುಟ್ಟಿದಾಗ ಎರಡೂವರೆ ಆಗುತ್ತಾ ಬಂದಿತ್ತು. ಕಚೇರಿಯ ಕಡೆಗೆ ಎಡಕ್ಕೆ ತಿರುಗಬೇಕಾದ ವೃತ್ತದಲ್ಲಿ ಈರಣ್ಣ ಸ್ಟೀರಿಂಗನ್ನು ಎರಡೂ ಕೈಯಿಂದ ಎಳೆದರು. ಗರ್ರ್. ಕಾರು ಎಡಕ್ಕೆ ಅರ್ಧ ತಿರುಗಿ, ಉಳಿದರ್ಧ ತಿರುಗಲಾರದೆ, ಎದುರಿಗಿದ್ದ ಎಳನೀರಿನ ಗಾಡಿಯ ಮೇಲೆ ನುಗ್ಗಹೋಯಿತು. ಎಳನೀರಿನವನು ಮಚ್ಚು ಹಿಡಿದೇ ಪಕ್ಕಕ್ಕೆ ಹಾರಿದ. ಪೊಲೀಸಿನವನು ಸೀಟಿ ಊದಿದ. ಹಿಂದೆ ಬಸ್ಸುಗಳು ಹಾರನ್ ಬಾರಿಸುತ್ತಿದ್ದವು. ಹಿಂದಕ್ಕೆ ಹೋಗಲು ಜಾಗವಿಲ್ಲದೆ ಈರಣ್ಣ ಎಳನೀರಿನ ಗಾಡಿ ತಪ್ಪಿಸಿ ನೇರ ಮುಂದಕ್ಕೆ ಬಿಟ್ಟರು.

"ಹೆದರ್ಕಬೇಡಿ. ಮೂರು ಸಲ ಬಲಕ್ಕೆ ತಿರುಗಿದ್ರೆ ಎಡಕ್ಕೆ ತಿರುಗಿದಂಗೇ ಲೆಕ್ಕ" ಎಂದರು.

ಲೆಕ್ಕ ಸರಿಯಾಗಿಯೇ ಇತ್ತು. ಬೇಲೂರಿನ ಬೀದಿಗಳು ಆ ಲೆಕ್ಕಕ್ಕೆ ತಕ್ಕಂತೆ ಇರಲಿಲ್ಲ. ಮೊದಲ ಬಲದಲ್ಲಿ ಸಂದಿ, ಎರಡನೆಯದರಲ್ಲಿ ಕಟ್ಟಿಹಾಕಿದ ಎಮ್ಮೆ; ಮೂರನೆಯದು ದೇವಸ್ಥಾನದ ಬೀದಿಗೆ ಹೋಗಿ ಮುಟ್ಟಿತು. ಅಲ್ಲಿ ಪ್ರವಾಸಿಗಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಪರದೇಶದ ಒಬ್ಬಾಕೆ ಗೋಪುರದ ಕಡೆಯಿಂದ ಕ್ಯಾಮೆರಾ ತಿರುಗಿಸಿ ನಮ್ಮ ಕಾರಿನ ಫೋಟೋ ತೆಗೆದಳು. ಎಷ್ಟು ಸುತ್ತಿದೆವೋ, ಕೊನೆಗೆ ಬಂದು ನಿಂತದ್ದು ಅದೇ ವೃತ್ತಕ್ಕೆ, ಅದೇ ಪೊಲೀಸಿನವನ ಮುಂದೆ.

"ಏನ್ರೀ, ಪ್ರದಕ್ಷಿಣೆ ಹಾಕ್ತಾ ಇದೀರಾ?"

"ಗಾಡಿ ಎಡಕ್ಕೆ ತಿರುಗಕಿಲ್ಲ ಸಾರ್."

"ಗಾಡೀನೂ ವ್ರತ ಹಿಡ್ದೈತಾ?"

ಈರಣ್ಣ ಅವನಿಗೆ ಏನೋ ವಿವರಿಸಲು ಹೊರಟರು. ಕಮಲಮ್ಮ ಕೈಗಡಿಯಾರ ನೋಡಿಕೊಂಡರು. ನನ್ನ ಮೊಣಕೈ ಹಿಡಿದು, "ಇಳೀರಿ" ಎಂದರು.

"ಏಯ್, ಎಲ್ಲಿಗೆ?" ಎಂದರು ಈರಣ್ಣ.

"ನೀವು ಎಡಕ್ಕೆ ತಿರುಗೋ ಹೊತ್ಗೆ ಮುಂದಿನ ಎಲೆಕ್ಷನ್ ಬತ್ತದೆ. ನಾನು ನಡ್ಕಂಡು ಹೋಯ್ತೀನಿ."

ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ. ನಡೆಯುತ್ತೇನೆ ಎಂದವರು ನಾಲ್ಕು ಹೆಜ್ಜೆಯಲ್ಲೇ ಓಡತೊಡಗಿದರು. ಅವರ ಹಿಂದೆ ನಾನು. ಅಲ್ಲಿಯವರೆಗೆ ಆ ಚುನಾವಣೆ ನನಗೆ ತಮಾಷೆಯಾಗಿತ್ತು. ಈಗ ಆ ಬೀದಿಯಲ್ಲಿ ಓಡುವಾಗ, ಬಾಗಿಲು ಹಾಕಿಬಿಟ್ಟರೆ ಎಂಬ ಭಯ ನನಗೂ ಹತ್ತಿಕೊಂಡಿತ್ತು. ಗುರುತು ಪರಿಚಯವಿಲ್ಲದ ಹೆಂಗಸು, ಯಾವುದೋ ತಾಲ್ಲೂಕಿನ ಯಾವುದೋ ಸೀಟು. ಆದರೂ ಅದು ನನ್ನದೇ ಕೆಲಸವೆಂಬಂತೆ ಓಡಿದೆ.

ಬಾಗಿಲು ಇನ್ನೂ ತೆರೆದಿತ್ತು. ಒಳಗೆ ಎದುರು ಪಾರ್ಟಿಯ ಹೆಂಗಸು ಅಧಿಕಾರಿಯ ಮುಂದೆ ಕೂತಿದ್ದರು; ಅವರಿಗೆ ಕೇಳಿದ ಪ್ರಶ್ನೆಗೆಲ್ಲ ಹಿಂದೆ ನಿಂತ ಗಂಡ ಉತ್ತರ ಕೊಡುತ್ತಿದ್ದ. ಅದು ಮುಗಿದ ಮೇಲೆ ಕಮಲಮ್ಮ ಕೂತರು. ಅಧಿಕಾರಿ ಅವರ ಬೆನ್ನ ಹಿಂದೆ ನೋಡಿದರು. ಅಲ್ಲಿ ನಾನಿದ್ದೆ, ಏದುಸಿರು ಬಿಡುತ್ತ.

"ನಿಮ್ಮ ಯಜಮಾನರೆಲ್ಲಮ್ಮ?"

"ಬಲಕ್ಕೆ ತಿರುಗ್ತಾ ಅವ್ರೆ ಸಾರ್."

ಅಧಿಕಾರಿಗೆ ಅರ್ಥವಾಗಲಿಲ್ಲ. ಗೋಡೆಯ ಗಡಿಯಾರ ನೋಡಿ, ಇನ್ನು ಕೇಳುತ್ತ ಕೂತರೆ ಹೊತ್ತು ಮೀರುತ್ತದೆ ಎಂದು ಬಿಟ್ಟರು. ಹೆಸರು, ವಯಸ್ಸು, ಓದು ಕೇಳಿದರು. ಕಮಲಮ್ಮ ಒಂದೊಂದಕ್ಕೂ ತಾವೇ ಉತ್ತರ ಕೊಟ್ಟರು. ಎಸ್ಸೆಸ್ಸೆಲ್ಸಿ ಪಾಸು ಎನ್ನುವಾಗ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಸೂಚಕರ ಸಹಿಯೆಲ್ಲ ಮೊದಲೇ ಆಗಿತ್ತು. ಬಾಗಿಲು ಹಾಕುವ ಮುಂಚೆ ನಾಮಪತ್ರ ಅಧಿಕಾರಿಯ ಕೈ ಸೇರಿತು.

ಈರಣ್ಣನವರು ಬಂದಾಗ ನಾವು ಕಚೇರಿಯ ಮೆಟ್ಟಿಲ ಮೇಲೆ ಕೂತು ಕಡಲೇಕಾಯಿ ತಿನ್ನುತ್ತಿದ್ದೆವು. ಶರಟು ಬೆನ್ನಿಗೆ ಅಂಟಿತ್ತು. ಪೊಲೀಸಿನವನೂ ಎಳನೀರಿನವನೂ ಸೇರಿ ಕಾರನ್ನು ತಳ್ಳಿ ಎಡಕ್ಕೆ ನಿಲ್ಲಿಸಿಕೊಟ್ಟರಂತೆ.

"ನಾನಿಲ್ದೆ ಹೆಂಗ್ ಕೊಟ್ಟೆ?" ಎಂದರು. ಕೋಪಕ್ಕಿಂತ ಹೆಚ್ಚಾಗಿ ನೋವಿತ್ತು ದನಿಯಲ್ಲಿ.

"ನನ್ ಹೆಸರು ನನಗೆ ಗೊತ್ತಿತ್ತಲ್ಲ, ಕೊಟ್ಟೆ" ಎಂದರು ಕಮಲಮ್ಮ.

ವಾಪಸು ಹೊರಡುವ ಮುಂಚೆ ನಾನು ಬಗ್ಗಿ ನೋಡಿದೆ. ಮುಂದಿನ ಎಡ ಟೈರಿನ ಅಂಚು, ತುರಿಮಣೆಗೆ ಸಿಕ್ಕಂತೆ ಸುತ್ತ ಹೆರೆದುಹೋಗಿತ್ತು. ಒಂದು ಕಡೆ ಒಳಗಿನ ದಾರ ಕಾಣುತ್ತಿತ್ತು. "ಅಣ್ಣಾರೆ, ಇದರ ಮೇಲೆ ಹೋಗೋದು ಬೇಡ. ಅಂಗಡಿಗೆ ಫೋನ್ ಮಾಡ್ತೀನಿ, ಹಳೇ ಚಕ್ರ ತಂದುಕೊಡ್ತಾರೆ" ಎಂದೆ. ಕಮಲಮ್ಮನೂ ಹೇಳಿದರು. ಆ ದಿನ ಹೆಂಗಸರ ಮಾತು ಅಷ್ಟು ಕೇಳಿದ್ದೇ ಸಾಕಾಗಿತ್ತೋ ಏನೋ, ಈರಣ್ಣ ಕಾರು ಹತ್ತಿ ಸ್ಟಾರ್ಟ್ ಮಾಡಿದರು. ಬಸ್ಸಿಗೆ ಹೋಗಬಹುದಿತ್ತು. ಕಮಲಮ್ಮ ಹತ್ತಿದ್ದರಿಂದ ನಾನೂ ಹತ್ತಿದೆ.

ಹಳೇಬೀಡಿನ ಕೆರೆಯ ಹತ್ತಿರ ಬಂದಾಗ ಮೀಟರು ನಲವತ್ತೈದು ತೋರಿಸುತ್ತಿತ್ತು. ನಿಜವಾಗಿ ಐವತ್ತು ದಾಟಿತ್ತು. ಪಟಾಕಿ ಸಿಡಿದಂಥ ಸದ್ದಾಯಿತು. ಕಾರು ಎಡಕ್ಕೆ ಎಳೆಯಿತು. ಇಡೀ ದಿನ ಬೇಡಿಕೊಂಡರೂ ಆ ಕಡೆ ತಿರುಗದಿದ್ದ ಕಾರು, ರಸ್ತೆ ಬಿಟ್ಟು ನೀರಿನ ಕಡೆಗೆ ಹೊರಟಿತು. ಈರಣ್ಣ "ಅಯ್ಯಯ್ಯೋ" ಎನ್ನುತ್ತ ಬ್ರೇಕು ತುಳಿದರು. ಕಮಲಮ್ಮ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಅವರ ಬಳೆ ಒಡೆದು ನನ್ನ ಮುಂಗೈಗೆ ಚುಚ್ಚಿತು. ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ್ದ ಒಂದು ಗಡಿಕಲ್ಲಿಗೆ ಹೊಡೆದು ಕಾರು ನಿಂತಿತು. ಅದರಾಚೆ ಇಳಿಜಾರು, ಇಳಿಜಾರಿನ ಕೆಳಗೆ ನೀರು.

ಈರಣ್ಣ ಹಿಂದಕ್ಕೆ ತಿರುಗಿ, "ಕಮಲಾ, ಏನಾಯ್ತೇ?" ಎಂದರು. ಆ ದೊಡ್ಡ ದನಿ ನಡುಗುತ್ತಿತ್ತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿಯಿತು. ರುದ್ರಪ್ಪನವರ ಮೇಲಿನದು ಇಳಿಯಲಿಲ್ಲ.

ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಳೆಯ ಅಳತೆಯದು. ಅದನ್ನು ಹಾಕಿದಾಗ ಕಾರು ಒಂದು ಕಾಲು ಕುಂಟಾದ ಹಸುವಿನಂತೆ ಓರೆಯಾಯಿತು. ಹಾಗೆಯೇ ತೆವಳಿಕೊಂಡು ಹಳೇಬೀಡು ಸೇರಿ, ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದೆ. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ರುದ್ರಪ್ಪನವರು ಟೆಂಪೋದಲ್ಲಿ ಪುಟ್ಟರಾಜುವನ್ನೂ ಹಳೆಯ ಚಕ್ರಗಳನ್ನೂ ಹಾಕಿಕೊಂಡು ಬಂದರು. ಸಿಡಿದ ಟೈರನ್ನು ಎತ್ತಿ ನೋಡಿದರು. ಅಭ್ಯಾಸಬಲ, ಗೆಣ್ಣಿನಿಂದ ಕುಟ್ಟಿಯೂ ನೋಡಿದರು.

"ಮಾಲು ಗಟ್ಟಿಯಾಗೇ ಐತೆ. ರೋಡು ಸರಿ ಇಲ್ಲ" ಎಂದರು.

ಕಮಲಮ್ಮ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದರು. "ಬನ್ನಿ ಸಾಹುಕಾರ್ರೆ, ಕೂತ್ಕಳಿ. ಮಿಕ್ಕ ಮೂರು ದೊಡ್ಡ ಚಕ್ರ ಇನ್ನೂ ಹಂಗೇ ಅವೆ. ಅದರ ಮೇಲೇ ಕೆರೆ ತಂಕ ಹೋಗಿ ಬರಣ."

ರುದ್ರಪ್ಪನವರು ಬಾಗಿಲನ್ನು ನೋಡಿದರು. ನನ್ನ ಮುಂಗೈಯ ರಕ್ತ ನೋಡಿದರು. "ಪುಟ್ಟರಾಜ, ಎಲ್ಲಾ ಬಿಚ್ಲಾ" ಎಂದರು.

ಮಾರನೆಯ ದಿನ ಬೆಳಗ್ಗೆ ನಾನು ಕೌಂಟರಿನಲ್ಲಿ ಕೂರಲಿಲ್ಲ. ಅವರ ಮುಂದೆ ನಿಂತು ಹೇಳಿದೆ: "ಇನ್ನು ಮೇಲೆ ಕಾರಿನ ಚಕ್ರದ ಅಳತೆ ನಾನು ಹೇಳಿದ್ದೇ ಆಗಬೇಕು ಸಾರ್. ಇಲ್ಲದಿದ್ರೆ ಟೈಪ್‌ರೈಟರ್ ಇರೋ ಕಡೆ ಕೆಲಸ ನೋಡ್ಕೋತೀನಿ." ಧೈರ್ಯವಾಗಿಯೇ ಹೇಳಿದೆ. ಬೇರೆ ಕೆಲಸ ಎಲ್ಲೂ ಇರಲಿಲ್ಲ.

ಅವರು ತುಂಬ ಹೊತ್ತು ಎಲೆ ಅಡಿಕೆ ಅಗಿದರು. ತಮ್ಮನ ಜೊತೆ ಮಂಡಿ ಪಾಲು ಮಾಡಿಕೊಂಡಾಗಲೂ ಅಷ್ಟು ಯೋಚಿಸಿರಲಾರರು. "ಆಯ್ತು. ಕಾರು ನಿಮ್ದು, ಟ್ರ್ಯಾಕ್ಟ್ರು ನಂದು" ಎಂದರು.

ಆ ಒಪ್ಪಂದ ಕೊನೆಯವರೆಗೂ ನಡೆಯಿತು. ಯಾರಾದರೂ ಚಿಕ್ಕ ಕಾರಿಗೆ ದೊಡ್ಡ ಚಕ್ರ ಕೇಳಿಕೊಂಡು ಬಂದರೆ, "ಲಲಿತಮ್ಮೋರನ್ನ ಕೇಳಿ. ಅವರು ಅದ್ರಲ್ಲಿ ಕೂತು ನೋಡವ್ರೆ" ಎಂದು ನನ್ನ ಕಡೆ ಕಳಿಸುತ್ತಿದ್ದರು. ಅಗಲ ಒಂದಿಷ್ಟು ಹೆಚ್ಚಿಸಬಹುದು, ಆದರೆ ಅದಕ್ಕೆ ತಕ್ಕಂತೆ ಪಕ್ಕೆ ಇಳಿಸಿ ಒಟ್ಟು ಎತ್ತರ ಹೆಚ್ಚುಕಡಿಮೆ ಮೊದಲಿನಷ್ಟೇ ಇರಬೇಕು; ಟೈರಿನ ಅಗಲಕ್ಕೆ ಡಿಸ್ಕಿನ ಅಗಲ ಒಪ್ಪಬೇಕು; ಟೈರು ತಾಳುವ ಭಾರ ಕಾರಿನ ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆಯಾಗಬಾರದು. ನಾನು ಗಿರಾಕಿಗಳಿಗೆ ಹೇಳಿದ್ದು ಇಷ್ಟೇ. ನೂರರಲ್ಲಿ ತೊಂಬತ್ತು ಜನರಿಗೆ, ಕಾರು ಹುಟ್ಟಿದಾಗ ಇದ್ದ ಅಳತೆಯೇ ಸಾಕು ಎಂದೆ. ಅದರಲ್ಲಿ ಅರ್ಧ ಜನ ಬೇರೆ ಅಂಗಡಿಗೆ ಹೋಗಿ ದೊಡ್ಡದು ಹಾಕಿಸಿಕೊಂಡರು. ಅವರ ಭಾವಮೈದುನರು ಸುಖವಾಗಿರಲಿ.

ಎರಡು ಸಾವಿರದ ಆಚೆಗೆ ಎಲ್ಲ ಬದಲಾಯಿತು. ಪುಟ್ಟರಾಜು ಕಬ್ಬಿಣದ ಪಟ್ಟಿಯಿಂದ ಎತ್ತಿ ಎತ್ತಿ ಟೈರು ಬಿಚ್ಚುತ್ತಿದ್ದ ಕಾಲ ಹೋಗಿ ಯಂತ್ರ ಬಂತು. ಚಕ್ರದ ನೇರ ನೋಡಲು ಕಾರಿನ ಉದ್ದಕ್ಕೆ ದಾರ ಕಟ್ಟಿ ಒಂದು ಕಣ್ಣು ಮುಚ್ಚುತ್ತಿದ್ದವನು, ಅಲೈನ್‌ಮೆಂಟ್ ಯಂತ್ರದ ಪರದೆಯ ಮುಂದೆಯೂ ಅಭ್ಯಾಸದಿಂದ ಒಂದು ಕಣ್ಣು ಮುಚ್ಚುತ್ತಿದ್ದ. ಟ್ಯೂಬಿಲ್ಲದ ಟೈರು ಬಂದಾಗ ರುದ್ರಪ್ಪನವರು, "ಒಳಗೆ ಏನೂ ಇಲ್ದೆ ಗಾಳಿ ಹೆಂಗ್ ನಿಂತ್ಕತದೆ?" ಎಂದು ಒಂದು ವಾರ ಮಾರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅಳತೆಯ ಚೀಟಿಯನ್ನು ಅದೇ ಮುದ್ರಿಸಿ ಕೊಡುತ್ತಿತ್ತು. ಹತ್ತು ವರ್ಷ ನಾನು ಬಾಯಲ್ಲಿ ಹೇಳಿದರೆ ತಕರಾರು ಮಾಡುತ್ತಿದ್ದ ಗಿರಾಕಿಗಳು, ಅದೇ ಮಾತನ್ನು ಯಂತ್ರ ಕಕ್ಕಿದರೆ ಮಡಿಸಿ ಜೇಬಿಗೆ ಇಟ್ಟುಕೊಂಡು ಹೋದರು.

ಕಮಲಮ್ಮ ಆ ಚುನಾವಣೆ ಗೆದ್ದರು. ಗೆದ್ದ ಮೇಲೆ ಅವರು ಮಾಡಿದ ಮೊದಲ ಕೆಲಸ ಡ್ರೈವಿಂಗ್ ಕಲಿತದ್ದು. ಒಂದು ದಿನ ಅದೇ ಕಾರನ್ನು ತಾವೇ ಓಡಿಸಿಕೊಂಡು ಅರಸೀಕೆರೆಗೆ ಬಂದರು. ಪಕ್ಕದ ಸೀಟಿನಲ್ಲಿ ಈರಣ್ಣ, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಲಲಿತಮ್ಮೋರೇ, ತಳ ಇನ್ನೂ ಉಜ್ತೈತೆ. ಏನ್ ಮಾಡಣ ಹೇಳಿ. ಚಕ್ರ ಮಾತ್ರ ಮುಟ್ಟಬೇಡಿ" ಎಂದರು ಕಮಲಮ್ಮ.

ಪುಟ್ಟರಾಜು ಕೆಳಗೆ ತೂರಿ ನೋಡಿದ. ಹಿಂದಿನ ಸ್ಪ್ರಿಂಗುಗಳು ಸೋತು ಕೂತಿದ್ದವು. ಹೊಸ ಸ್ಪ್ರಿಂಗು ಹಾಕಿದ ಮೇಲೆ ಕಾರು ತನ್ನಷ್ಟಕ್ಕೆ ಎದ್ದು ನಿಂತಿತು. ಮೊದಲ ದಿನವೇ ಯಾರಾದರೂ ಕೆಳಗೆ ತೂರಿ ನೋಡಿದ್ದರೆ ನಾನು ಬೇಲೂರು ನೋಡುತ್ತಿರಲಿಲ್ಲ.

ಅಲ್ಲಿಂದ ಮುಂದೆ ಕಮಲಮ್ಮ ಅರಸೀಕೆರೆಗೆ ಬಂದಾಗಲೆಲ್ಲ ಗಾಳಿ ತುಂಬಿಸುವ ನೆಪದಲ್ಲಿ ಅಂಗಡಿಗೆ ಬರುತ್ತಿದ್ದರು. ಗಾಳಿ ತುಂಬಲು ಐದು ನಿಮಿಷ, ನಮ್ಮ ಮಾತಿಗೆ ಒಂದು ಗಂಟೆ. ಐದು ವರ್ಷ ಕಳೆಯಿತು. ಮೀಸಲಾತಿ ಬದಲಾಗಿ ಆ ಕ್ಷೇತ್ರ ಸಾಮಾನ್ಯವಾಯಿತು. ಈ ಸಲ ಈರಣ್ಣನವರೇ ನಿಂತರು. ಕಮಲಮ್ಮ ಊರೂರಿಗೆ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಸಭೆಗಳಲ್ಲಿ ಪಕ್ಕದಲ್ಲಿ ಕೈಮುಗಿದು ನಿಂತರು. ಆದರೂ ಈರಣ್ಣ ಸೋತರು. ತೀರ ಕಡಿಮೆ ವೋಟಿನಲ್ಲಿ.

ಅದಾದ ಮೇಲೆ ಕಮಲಮ್ಮ ಅಂಗಡಿಗೆ ಬಂದ ದಿನ ನಾನು ಮರುಕ ತೋರಿಸಿದೆ. "ಪಾಪ, ಅಣ್ಣಾರಿಗೆ ತುಂಬ ಬೇಜಾರಾಗಿರಬೇಕು."

"ಆಗೈತೆ. ಎರಡು ದಿನ ಊಟ ಬಿಟ್ಟವ್ರೆ." ಪುಟ್ಟರಾಜು ಹಿಂದಿನ ಚಕ್ರದ ಹತ್ತಿರ ಇದ್ದಾನೆಂದು ಖಾತ್ರಿ ಮಾಡಿಕೊಂಡು ಅವರು ಕೌಂಟರಿನ ಮೇಲೆ ಬಾಗಿದರು. "ಯಾರ್ ಕೈ ಕೊಟ್ರು, ಯಾರ್ ಕೈ ಕೊಟ್ರು ಅಂತ ಮನೆಮನೆ ಲೆಕ್ಕ ಹಾಕ್ತಾ ಕೂತವ್ರೆ. ನಾನೂ ಅವರಿಗೆ ವೋಟ್ ಹಾಕ್ಲಿಲ್ಲ ಕಣ್ರೀ."

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ.

"ಮನುಷ್ಯ ಒಳ್ಳೇರು. ಮನೆ ಮಟ್ಟಿಗೆ ಸಾಕು" ಎಂದರು ಕಮಲಮ್ಮ. "ಆದ್ರೆ ಆ ಚಕ್ರ ಹಾಕಿಸ್ಕಂಡು ಬಂದೋರ ಕೈಗೆ ತಾಲ್ಲೂಕು ಕೊಡಕಾಯ್ತದಾ?"